ದಾರಿ ಬದಲಿಸುವವರು ಯಾರು? – ಮನೆಯ ಮೆಶ್ ವೈ-ಫೈ ಬೆಳೆದು ಬಂದ ಬಗೆ

ಮನೆಯೊಳಗೆ ಎರಡು-ಮೂರು ವೈ-ಫೈ ಪೆಟ್ಟಿಗೆಗಳನ್ನಿಟ್ಟು, ಅವೆಲ್ಲವೂ ಒಂದೇ ಹೆಸರಿನ ಜಾಲವಾಗಿ ದುಡಿಯುವಂತೆ ಹೊಂದಿಸುವುದೇ ಮೆಶ್ ವ್ಯವಸ್ಥೆ. ನಾವು ಹಜಾರದಿಂದ ಮಹಡಿಗೆ ಹೋದಾಗ ಮೊಬೈಲ್ ಒಂದು ಪೆಟ್ಟಿಗೆಯನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ಇದನ್ನು ತೀರ್ಮಾನಿಸುವುದು ಪೆಟ್ಟಿಗೆಯೇ, ಮೊಬೈಲೇ? ಉತ್ತರ ವೈ-ಫೈನ ಇತಿಹಾಸದಲ್ಲಿದೆ.

1985ರಲ್ಲಿ ಅಮೆರಿಕದ ಫೆಡರಲ್ ಸಂಪರ್ಕ ಆಯೋಗವು 2.4 ಗಿಗಾಹರ್ಟ್ಸ್ ಸೇರಿದಂತೆ ಕೆಲವು ಆವೃತ್ತಿಗಳನ್ನು ಪರವಾನಗಿಯಿಲ್ಲದ ಸಂಪರ್ಕಕ್ಕೆ ತೆರೆಯಿತು. ಈ ಹಿನ್ನೆಲೆಯಲ್ಲಿ 1997ರಲ್ಲಿ ಐಇಇಇ 802.11 ಮಾನಕ ಹೊರಬಂದಿತು. ಆಗ ಗರಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್ ಮಾತ್ರ. ಮಾತಿನ ನಡುವೆ ಮೊಬೈಲನ್ನು ಒಂದು ಗೋಪುರದಿಂದ ಇನ್ನೊಂದಕ್ಕೆ ವರ್ಗಾಯಿಸುವುದು ದೂರವಾಣಿ ಜಾಲ. ವೈ-ಫೈನಲ್ಲಿ ಹಾಗಲ್ಲ, ಯಾವ ಪೆಟ್ಟಿಗೆಯನ್ನು ಹಿಡಿಯಬೇಕೆಂಬ ಆಯ್ಕೆ ಸಾಧನದ್ದೇ.

ಈ ಸ್ವಾತಂತ್ರ್ಯದಿಂದ ಒಂದು ತೊಡಕು ಹುಟ್ಟಿತು. ಹಿಡಿದ ಸಂಪರ್ಕವನ್ನು ಸಾಧನಗಳು ಸುಲಭವಾಗಿ ಬಿಡುವುದಿಲ್ಲ. ಅನೇಕ ಮೊಬೈಲುಗಳು ತಮಗೆ ಬರುವ ಸಂಕೇತದ ಬಲ ಸುಮಾರು –70 ಡಿಬಿಎಂಗೆ, ಅಂದರೆ ಒಂದು ವ್ಯಾಟ್‌ನ ಸಾವಿರ ಕೋಟಿಯಲ್ಲೊಂದು ಪಾಲಿಗೆ, ಇಳಿಯುವವರೆಗೂ ಬೇರೆಯದನ್ನು ಹುಡುಕಲು ತೊಡಗುವುದಿಲ್ಲ. ಪಕ್ಕದಲ್ಲೇ ಪ್ರಬಲ ಪೆಟ್ಟಿಗೆಯಿದ್ದರೂ ದೂರದ್ದಕ್ಕೇ ಅಂಟಿಕೊಂಡಿರುತ್ತವೆ.

ಇದಕ್ಕೆ ಪರಿಹಾರ ಹಂತಹಂತವಾಗಿ ಬಂದಿತು. 2008ರ 802.11ಕೆ ತಿದ್ದುಪಡಿಯಿಂದ ಜಾಲವು ನೆರೆಯ ಪೆಟ್ಟಿಗೆಗಳ ಪಟ್ಟಿಯನ್ನು ಸಾಧನಕ್ಕೆ ಕೊಡಬಲ್ಲದು, ಸಾಧನ ಅಳೆದ ಬಲವನ್ನು ಕೇಳಬಲ್ಲದು. ಅದೇ ವರ್ಷದ 802.11ಆರ್, ವರ್ಗಾವಣೆಯ ವೇಳೆ ಭದ್ರತಾ ಕೀಲಿಗಳ ವಿನಿಮಯವನ್ನು ಚುರುಕುಗೊಳಿಸಿತು. 2011ರ 802.11ವಿ, 'ಆ ಪೆಟ್ಟಿಗೆಗೆ ಹೋಗು' ಎಂದು ಸೂಚಿಸುವ ಅವಕಾಶ ನೀಡಿತು. ಗಮನಿಸಿ, ಇದು ಸಲಹೆ ಮಾತ್ರ; ಸಾಧನ ಒಪ್ಪದಿರಬಹುದು. ಆಗ ಕೆಲವು ವ್ಯವಸ್ಥೆಗಳು ಅದರ ಸಂಪರ್ಕವನ್ನೇ ಕಡಿದು, ಹೊಸದಾಗಿ ಹುಡುಕುವಂತೆ ಮಾಡುತ್ತವೆ.

ಇನ್ನೊಂದು ಪ್ರಶ್ನೆ ಉಳಿಯಿತು: 'ಉತ್ತಮ' ಸಂಪರ್ಕವೆಂದರೆ ಯಾವುದು? ಅಮೆರಿಕದ ಕೇಂಬ್ರಿಜ್ ನಗರದಲ್ಲಿ ಎಂಐಟಿ ಸಂಶೋಧಕರು ಮನೆಗಳ ಛಾವಣಿಗಳ ಮೇಲೆ ಆಂಟೆನಾಗಳನ್ನಿಟ್ಟು 'ರೂಫ್‌ನೆಟ್' ಎಂಬ ಜಾಲ ಕಟ್ಟಿದರು. ಅತಿ ಕಡಿಮೆ ಜಿಗಿತಗಳ ದಾರಿಯೇ ಉತ್ತಮವೆಂಬ ನಂಬಿಕೆಯನ್ನು ಅದೇ ತಂಡದ 2003ರ ಪ್ರಬಂಧ ಪ್ರಶ್ನಿಸಿತು. ಒಂದು ಪ್ಯಾಕೆಟ್ ತಲುಪಲು ಸರಾಸರಿ ಎಷ್ಟು ಸಲ ಕಳಿಸಬೇಕೆಂಬುದೇ ಅವರ ಅಳತೆಗೋಲು. ಪ್ಯಾಕೆಟ್ ಮುಟ್ಟುವುದರ ಜೊತೆಗೆ 'ಮುಟ್ಟಿತು' ಎಂಬ ಮರುಸಂದೇಶವೂ ಬರಬೇಕಲ್ಲವೇ? ನೇರ ದಾರಿಯಲ್ಲಿ ಎರಡೂ ಕಡೆಗೆ ಯಶಸ್ಸು ಶೇಕಡ 50 ಇದ್ದರೆ 1 ÷ (0.5 × 0.5) = 4 ಸಲ ಕಳಿಸಬೇಕು. ಶೇಕಡ 90 ಯಶಸ್ಸಿನ ಎರಡು ಜಿಗಿತಗಳಾದರೆ, ಪ್ರತಿಯೊಂದಕ್ಕೂ 1.23ರಂತೆ ಒಟ್ಟು ಸುಮಾರು 2.5 ಸಲ ಸಾಕು. ಸುತ್ತುದಾರಿಯೇ ಲೇಸು!

2011ರಲ್ಲಿ 802.11ಎಸ್ ಮೆಶ್‌ಗೆ ಮಾನಕ ರೂಪ ಕೊಟ್ಟಿತು. 2016ರಲ್ಲಿ ಈರೋ, ಗೂಗಲ್ ವೈಫೈಯಂತಹ ಮನೆಬಳಕೆಯ ವ್ಯವಸ್ಥೆಗಳು ಮಾರುಕಟ್ಟೆಗೆ ಬಂದವು. ಬೇರೆ ಬೇರೆ ತಯಾರಕರ ಪೆಟ್ಟಿಗೆಗಳು ಕೂಡಿ ಕೆಲಸಮಾಡಲೆಂದು ವೈ-ಫೈ ಅಲಯನ್ಸ್ 2018ರಲ್ಲಿ 'ಈಸಿಮೆಶ್' ಪ್ರಮಾಣೀಕರಣ ಆರಂಭಿಸಿತು.

ಈ ಚರಿತ್ರೆಯಿಂದ ಗೃಹಬಳಕೆದಾರರು ಕಲಿಯಬೇಕಾದ ಪಾಠವೊಂದಿದೆ. ಮೊಬೈಲ್ ಪರದೆಯ ಗೆರೆಗಳು ತೋರಿಸುವುದು ಮೊಬೈಲಿನಿಂದ ಹತ್ತಿರದ ಪೆಟ್ಟಿಗೆಯವರೆಗಿನ ಸಂಕೇತವನ್ನು ಮಾತ್ರ. ಆ ಪೆಟ್ಟಿಗೆಯಿಂದ ಮುಖ್ಯ ಪೆಟ್ಟಿಗೆಗಿರುವ ಕೊಂಡಿ ದುರ್ಬಲವಾಗಿದ್ದರೆ ಗೆರೆಗಳು ತುಂಬಿದ್ದರೂ ವೇಗ ಸಿಗದು. ಆದ್ದರಿಂದ ಎರಡನೆಯ ಪೆಟ್ಟಿಗೆಯನ್ನು ಸಂಕೇತವೇ ಬಾರದ ಮೂಲೆಯಲ್ಲಿಡಬಾರದು. ಆ ಮೂಲೆಗೂ ಮುಖ್ಯ ಪೆಟ್ಟಿಗೆಗೂ ನಡುವೆ, ಸಂಕೇತ ಇನ್ನೂ ಚೆನ್ನಾಗಿರುವಲ್ಲಿ ಇಡಬೇಕು. ಸಾಧ್ಯವಿದ್ದರೆ ಇವೆರಡರ ನಡುವೆ ತಂತಿಯನ್ನೇ ಎಳೆಯುವುದು ಇನ್ನೂ ಉತ್ತಮ.