ಬೀದರ್ ರೈಲಿನ ಹೋಳಿಗೆ

ಕಳೆದ ಹೋಳಿ ಹುಣ್ಣಿಮೆಗೆ ಆಫೀಸಿಗೆ ಡಬ್ಬಿ ತುಂಬ ಹೋಳಿಗೆ ಒಯ್ದಿದ್ದೆ. ಪುಣೆಯ ಗೆಳತಿ ‘ಅರೆ, ನಮ್ಮ ಪುರಣಪೋಳಿ!’ ಅಂದಳು. ಸಿದ್ದಿಪೇಟೆಯವನಿಗೆ ಅದು ಭಕ್ಷ್ಯಾಲು. ಮಂಡ್ಯದ ಹುಡುಗ ಮುರಿದು ನೋಡಿ, ‘ತೊಗರಿಬೇಳೆ ಹಾಕಿಲ್ವಲ್ಲ, ಇದ್ಯಾವ ಸೀಮೆ ಒಬ್ಬಟ್ಟು?’ ಅಂತ ತಕರಾರು ತೆಗೆದ. ತಕರಾರು ತೆಗೆಯುತ್ತಲೇ ಮೂರು ತಿಂದ.

ಇದು ಯಾರದು ಎಂಬ ಜಗಳಕ್ಕೆ ಹೈದರಾಬಾದಿನಷ್ಟು ತಕ್ಕ ಊರು ಇನ್ನೊಂದಿಲ್ಲ. ನಿಜಾಮರ ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡದ ಜಿಲ್ಲೆಗಳು ಒಂದೇ ಆಡಳಿತದ ಕೆಳಗಿದ್ದವು. ಕೋರ್ಟು, ಕಚೇರಿ, ಓದು ಅಂತ ಎಲ್ಲರೂ ಇಲ್ಲಿಗೇ ಬರಬೇಕು. ಸುಲ್ತಾನ್ ಬಜಾರ್, ಕಾಚಿಗುಡದ ಕಡೆ ಮರಾಠಿ ಮನೆಗಳು ನೆಲೆಯಾದವು. ವಿವೇಕವರ್ಧಿನಿ ಶಾಲೆ 1907ರಲ್ಲೇ ಶುರುವಾಯಿತು. ಕನ್ನಡದವರ ನೃಪತುಂಗ ಶಾಲೆಯೂ ಕಾಚಿಗುಡದ್ದೇ. ಹಬ್ಬದ ದಿನ ಇಂಥ ಓಣಿಯಲ್ಲಿ ಬೆಲ್ಲ, ಏಲಕ್ಕಿಯ ವಾಸನೆ ಯಾವ ಭಾಷೆಯ ಮನೆಯಿಂದ ಬಂತೆಂದು ಹೇಳುವುದು ಕಷ್ಟ.

ಹಳೆಯದು ಬೇಕೆಂದರೆ ಕಲ್ಯಾಣಕ್ಕೆ ಹೋಗಬೇಕು, ಅಂದರೆ ಈಗಿನ ಬಸವಕಲ್ಯಾಣಕ್ಕೆ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗದಲ್ಲಿ ಬೇಳೆಯ ಹೂರಣ ತುಂಬಿ ಸುಡುವ ತಿನಿಸು ಬರುತ್ತದೆ. ಹೋಳಿಗೆಯ ಪೂರ್ವಜ ಅದೇ ಎಂದು ಆಹಾರದ ಚರಿತ್ರೆ ಬರೆದವರ ಮಾತು. ದೊರೆ ಕನ್ನಡ ನಾಡಿನವನು, ಪುಸ್ತಕ ಸಂಸ್ಕೃತದ್ದು, ರಾಜ್ಯದಲ್ಲಿ ಮರಾಠಿ ಸೀಮೆಯೂ ಇತ್ತು. ಹೆಸರುಗಳಲ್ಲೂ ಅಷ್ಟೇ. ಹಾಲು ಹಿಂದೆ ಪಾಲಾಗಿದ್ದಂತೆ, ನಮ್ಮ ‘ಹೂರಣ’ ಎಂದರೆ ಪೂರಣವೇ. ‘ಪ’ ನಮ್ಮಲ್ಲಿ ‘ಹ’ ಆಯಿತು, ಮರಾಠಿಯಲ್ಲಿ ಉಳಿಯಿತು.

ನಮ್ಮ ಮನೆಗೆ ಈ ಹೂರಣ ಬಂದದ್ದು ಉದಗೀರಿನಿಂದ. ಅಜ್ಜಿ 1954ರಲ್ಲಿ ಭಾಲ್ಕಿಗೆ ಸೊಸೆಯಾಗಿ ಬಂದಳು. ಎರಡೂ ಬೀದರ್ ಜಿಲ್ಲೆಯ ಊರುಗಳು, ಒಂದೇ ರೈಲಿನ ದಾರಿ. ಎರಡು ವರ್ಷ ಕಳೆಯಿತು. 1956ರ ನವೆಂಬರ್ 1ರಂದು ಜಿಲ್ಲೆ ಮೂರು ಪಾಲಾಯಿತು: ಉದಗೀರ್, ನೀಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡದ ಕಡೆ ಆಂಧ್ರಕ್ಕೆ, ಬೀದರ್, ಭಾಲ್ಕಿ ಮೈಸೂರಿಗೆ. ಅಜ್ಜಿಯ ತವರು ಬೇರೆ ರಾಜ್ಯ ಆಯಿತು. ಭಾಷಾವಾರು ಪ್ರಾಂತ್ಯ ತಪ್ಪೆಂದು ನಾನು ಹೇಳಲಾರೆ. ಅದರಿಂದಲೇ ಅಪ್ಪ ಕನ್ನಡ ಶಾಲೆ ಕಲಿತರು. ಆದರೆ ತಾಯಿಗೆ ಬಂದ ಕಾಗದ ಓದಲು ಮಕ್ಕಳಿಗೆ ಬಾರದಂತಾಯಿತು.

ಅಜ್ಜಿ ಕಡೆಯವರೆಗೂ ಹೋಳಿಗೆಯನ್ನು ತವರಿನಂತೆಯೇ ಮಾಡಿದಳು. ಕಡಲೆಬೇಳೆ ಬೇಯಿಸಿ ಕಟ್ಟು ಬಸಿದು, ಬೆಲ್ಲ ಹಾಕಿ ಮತ್ತೆ ಒಲೆಗೇರಿಸಿ, ಸೌಟು ನೆಟ್ಟಗೆ ನಿಲ್ಲುವ ತನಕ ತಿರುವುವುದು. ಆಮೇಲೆ ಒರಳಿಗಲ್ಲ, ಹಿತ್ತಾಳೆಯ ಪುರಣ ಯಂತ್ರಕ್ಕೆ. ಹಿಡಿಕೆ ತಿರುಗಿಸಿದರೆ ಕೆಳಗಿನ ತೂತುಗಳಿಂದ ನುಣ್ಣಗೆ ಇಳಿಯುತ್ತದೆ. ಬಿಸಿ ಇದ್ದಾಗಲೇ ಆಗಬೇಕು, ಆರಿದರೆ ಕೈ ಬಿದ್ದುಹೋಗುತ್ತದೆ. ಜಾಯಿಕಾಯಿ ತೇಯ್ದು ಹಾಕುತ್ತಿದ್ದಳು. ಬಸಿದ ಕಟ್ಟಿಗೆ ಸುಟ್ಟ ಕೊಬ್ಬರಿಯ ಮಸಾಲೆ ಬಿದ್ದರೆ ಅವಳಿಗೆ ಕಟಾಚಿ ಆಮ್ಟಿ, ನಮಗೆ ಕಟ್ಟಿನ ಸಾರು. ನನ್ನನ್ನು ಕೇಳಿದರೆ ಹೋಳಿಗೆಗಿಂತ ಮರುದಿನದ ಆ ಸಾರೇ ಮೇಲು. ಕಣಕದ ಹದ ಮಾತ್ರ ಅಳತೆ ಹೇಳಿ ಕಲಿಸಲಿಲ್ಲ. ‘ಕಿವಿ ಹಾಲೆ ಮುಟ್ಟಿ ನೋಡ್ಕೊ’ ಅಂತಿದ್ದಳು.

ಆ ಯಂತ್ರ ಈಗ ನನ್ನ ಬಾಡಿಗೆ ಮನೆಯಲ್ಲಿದೆ. ಅದರ ಜೊತೆ ಅವಳ ಟ್ರಂಕಿನಲ್ಲಿದ್ದ ಅಣ್ಣನ ಕಾಗದಗಳ ಕಟ್ಟೂ ಬಂತು. ಅಪ್ಪನಿಗೂ ಗೊತ್ತಿರಲಿಲ್ಲ ಅವುಗಳಲ್ಲಿ ಏನಿದೆಯೆಂದು. ಹೋಳಿಯ ಮರುದಿನ ಒಂದನ್ನು ಪುಣೆಯ ಗೆಳತಿಗೆ ಕೊಟ್ಟೆ. ಮಳೆ, ಎತ್ತು, ಯಾರದೋ ಮದುವೆ ಅಂತ ಓದುತ್ತಾ ಹೋದವಳು ಕೊನೆಯ ಸಾಲಿಗೆ ನಿಂತಳು. ಹಬ್ಬಕ್ಕೆ ಐದು ಸೇರು ಕಡಲೆಬೇಳೆ ರೈಲಿನಲ್ಲಿ ಬರುವವರ ಕೈಲಿ ಕಳಿಸಿದ್ದೇನೆ, ಸ್ಟೇಷನ್ನಿಗೆ ಯಾರನ್ನಾದರೂ ಕಳಿಸು ಎಂದಿತ್ತು.

ಅವಳು ಕಾಗದ ಮಡಚಿ ಕೊಟ್ಟು, ‘ಉಳಿದವನ್ನೂ ತಾ’ ಅಂದಳು. ಇನ್ನೂ ಮೂವತ್ತೊಂದು ಇವೆ.