ಪಿಯಾನೊ ಕಾನ್ಸರ್ಟೊ ಸಂಖ್ಯೆ 1, ಜಿ ಮೈನರ್ (ಮೆಂಡೆಲ್ಸನ್)

ಜರ್ಮನ್ ಸಂಗೀತಕಾರ ಫೆಲಿಕ್ಸ್ ಮೆಂಡೆಲ್ಸನ್ (1809–1847) ಪಿಯಾನೊ ಮತ್ತು ವಾದ್ಯವೃಂದಕ್ಕಾಗಿ ರಚಿಸಿದ ಕೃತಿ, ಓಪಸ್ 25. ರಮ್ಯ ಯುಗದ ಆರಂಭದ ಮುಖ್ಯ ಕಾನ್ಸರ್ಟೊಗಳಲ್ಲಿ ಒಂದು. 1831ರ ಅಕ್ಟೋಬರ್ 17ರಂದು ಮ್ಯೂನಿಕ್‌ನಲ್ಲಿ ಮೊದಲ ಬಾರಿಗೆ ಪ್ರಸ್ತುತಗೊಂಡಾಗ 22 ವರ್ಷದ ಮೆಂಡೆಲ್ಸನ್ ತಾನೇ ಪಿಯಾನೊ ನುಡಿಸಿದ. ಕೃತಿಯನ್ನು ಪಿಯಾನೊ ವಾದಕಿ ಡೆಲ್ಫಿನ್ ಫಾನ್ ಷೌರೋತ್‌ಗೆ ಅರ್ಪಿಸಲಾಗಿದೆ.

ರಚನೆ: ಮೂರು ಚಲನಗಳು, ಒಟ್ಟು ಅವಧಿ ಸುಮಾರು 20 ನಿಮಿಷ. ಮೊತ್ಸಾರ್ಟ್ ಕಾಲದ ಸಂಪ್ರದಾಯದಲ್ಲಿ ವಾದ್ಯವೃಂದವು ಮುಖ್ಯ ಸ್ವರವಸ್ತುಗಳನ್ನೆಲ್ಲ ನಿರೂಪಿಸಿದ ಬಳಿಕವೇ ಪಿಯಾನೊದ ಸರದಿ. ಇಲ್ಲಿ ವಾದ್ಯವೃಂದ ಕೆಲವೇ ಕ್ಷಣಗಳಲ್ಲಿ ಭೋರ್ಗರೆದು ಏರುತ್ತಿದ್ದಂತೆ ಪಿಯಾನೊ ಆವೇಶದಿಂದ ನುಗ್ಗಿಬರುತ್ತದೆ. ಚಲನಗಳ ನಡುವೆ ವಿರಾಮವಿಲ್ಲ. ಟ್ರಂಪೆಟ್ ಮತ್ತು ಹಾರ್ನ್‌ಗಳ ಕಹಳೆನಾದ ಅವುಗಳನ್ನು ಬೆಸೆಯುತ್ತದೆ. ತಡೆಯಿಲ್ಲದೆ ಸಾಗುವ ಈ ಬಗೆಗೆ ಸಂಗೀತಕಾರ ವೇಬರ್ ಪಿಯಾನೊ ಮತ್ತು ವಾದ್ಯವೃಂದಕ್ಕಾಗಿ ರಚಿಸಿದ ‘ಕೊನ್ಸರ್ಟ್‌ಷ್ಟುಕ್’ (1821) ಹಿಂದಿನ ಮಾದರಿ.

ಗುಣಲಕ್ಷಣ: ಮೊದಲ ಚಲನ ಬಿರುಸಿನದು. ಇ ಮೇಜರ್‌ನ ಎರಡನೆಯ ಚಲನವಾದ ನಿಧಾನಗತಿಯ ಆಂದಾಂತೆಯಲ್ಲಿ ಚೆಲ್ಲೊ, ವಯೋಲಾಗಳ ಮಂದ್ರ ಕಾಂತಿ ಹಾಡಿನಂಥ ರಾಗವನ್ನು ಹೊರುತ್ತದೆ. ಜಿ ಮೇಜರ್‌ನ ಅಂತಿಮ ಚಲನ ಚುರುಕಾದ ಬೆರಳಾಟದ ಉಲ್ಲಾಸ. ಮುಕ್ತಾಯಕ್ಕೆ ಮುನ್ನ ಮೊದಲ ಚಲನದ ರಾಗವೊಂದು ಅದರಲ್ಲಿ ಮತ್ತೆ ಸುಳಿಯುತ್ತದೆ. ವಾದನ ಕೌಶಲವನ್ನು ಭಾವದ ಓಟಕ್ಕೆ ಅಧೀನಗೊಳಿಸಿ ಮೂರು ಚಲನಗಳನ್ನು ಒಂದೇ ಉಸಿರಿನ ಕಥನವಾಗಿಸಿದ್ದು ಈ ಕೃತಿಯ ಸಾಧನೆ.