ಏರ್ ಪಿಸ್ತೂಲಿನ ನಿರ್ವಹಣೆ

ಏರ್ ಪಿಸ್ತೂಲಿನ ನಿರ್ವಹಣೆ ಎಂದರೆ ಸಂಪೀಡಿತ ಗಾಳಿಯ ಬಲದಿಂದ ಗುಂಡು ಹಾರಿಸುವ ಸ್ಪರ್ಧಾ ಪಿಸ್ತೂಲಿಗೆ ಗಾಳಿ ತುಂಬುವುದು, ಅದನ್ನು ಸುರಕ್ಷಿತವಾಗಿ ಇರಿಸುವುದು ಹಾಗೂ ಅದರ ಭಾಗಗಳನ್ನು ಸುಸ್ಥಿತಿಯಲ್ಲಿ ಕಾಯ್ದುಕೊಳ್ಳುವುದು. ಒಲಿಂಪಿಕ್ ಕ್ರೀಡೆಯಾದ 10 ಮೀಟರ್ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಇಂದು ಬಹುತೇಕ ಎಲ್ಲ ಸ್ಪರ್ಧಿಗಳೂ ಈ ಬಗೆಯ ಪಿಸ್ತೂಲನ್ನೇ ಬಳಸುತ್ತಾರೆ. ಇದರಲ್ಲಿ ಮದ್ದಿಲ್ಲ, ಬೆಂಕಿಯಿಲ್ಲ; ಆದರೆ ಅಂಗೈಯಲ್ಲಿ ಹಿಡಿಯಬಹುದಾದ ಅದರ ಸಿಲಿಂಡರಿನೊಳಗೆ ಕಾರಿನ ಟೈರಿನಲ್ಲಿರುವುದಕ್ಕಿಂತ ಸುಮಾರು 90 ಪಟ್ಟು ಹೆಚ್ಚಿನ ಒತ್ತಡವಿರುತ್ತದೆ. ಹೀಗಾಗಿ ಪಿಸ್ತೂಲಿನ ನಿಖರತೆ ಮತ್ತು ಬಳಸುವವರ ಸುರಕ್ಷತೆ ಎರಡೂ ಒಳಗೆ ತುಂಬಿದ ಗಾಳಿಯ ಶುದ್ಧತೆ, ಒಣತನ ಹಾಗೂ ಒತ್ತಡದ ಮಿತಿಯನ್ನು ಅವಲಂಬಿಸಿವೆ.

ಹಿನ್ನೆಲೆ

ಗಾಳಿ ಪಿಸ್ತೂಲುಗಳಲ್ಲಿ ಮೊದಲು ಪ್ರಚಾರದಲ್ಲಿದ್ದವು ಸ್ಪ್ರಿಂಗ್ ಮತ್ತು ಕೊಂತದ ಮಾದರಿಗಳು. ಪ್ರತಿ ಗುಂಡಿಗೂ ಸನ್ನೆಯನ್ನು ಎಳೆದು ಗಾಳಿಯನ್ನು ಒತ್ತುವ ಮಾದರಿಗಳೂ ಇದ್ದವು. ಅನಂತರ ದ್ರವರೂಪದ ಇಂಗಾಲದ ಡೈಆಕ್ಸೈಡನ್ನು ತುಂಬಿದ ಪಿಸ್ತೂಲುಗಳು ಬಂದವು. ಇವುಗಳ ದೊಡ್ಡ ಕೊರತೆ ಉಷ್ಣಾಂಶಕ್ಕೆ ಸಂಬಂಧಿಸಿದ್ದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಅನಿಲದ ಒತ್ತಡ ಸುಮಾರು 57 ಬಾರ್ ಇರುತ್ತದೆ. ಚಳಿಯಲ್ಲಿ ಅದು ಇಳಿದು, ಸೆಕೆಯಲ್ಲಿ ಏರುತ್ತದೆ. 31 ಡಿಗ್ರಿ ದಾಟಿದರೆ ಅನಿಲವು ದ್ರವರೂಪದಲ್ಲಿ ಉಳಿಯುವುದೇ ಇಲ್ಲ. ಒತ್ತಡ ಬದಲಾದಂತೆ ಗುಂಡಿನ ವೇಗವೂ ಬದಲಾಗಿ ಗುರಿ ತಪ್ಪುತ್ತಿತ್ತು. ಈ ಕಾರಣದಿಂದ 1990ರ ದಶಕದಿಂದೀಚೆಗೆ ಸಂಪೀಡಿತ ಗಾಳಿಯ ಪಿಸ್ತೂಲುಗಳು ಅವುಗಳ ಸ್ಥಾನವನ್ನು ಆಕ್ರಮಿಸಿದವು.

10 ಮೀಟರ್ ಏರ್ ಪಿಸ್ತೂಲು ಪುರುಷರ ಮತ್ತು ಮಹಿಳೆಯರ ವಿಭಾಗಗಳಲ್ಲಿ 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಸೇರ್ಪಡೆಯಾಯಿತು. ಮಿಶ್ರ ತಂಡ ಸ್ಪರ್ಧೆಯನ್ನು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲಬಾರಿಗೆ ನಡೆಸಲಾಯಿತು. ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮದಂತೆ ಪಿಸ್ತೂಲು 4.5 ಮಿ.ಮೀ. ವ್ಯಾಸದ ಗುಂಡನ್ನು ಹಾರಿಸುವಂಥದ್ದಾಗಿರಬೇಕು, ತೂಕ 1500 ಗ್ರಾಂ ಮೀರಬಾರದು ಮತ್ತು ಟ್ರಿಗರ್ ಕನಿಷ್ಠ 500 ಗ್ರಾಂ ಭಾರವನ್ನು ತಡೆಯಬೇಕು. ಗುರಿಹಲಗೆಯ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿ.ಮೀ.

ಕರ್ನಾಟಕದಲ್ಲಿ ಈ ಕ್ರೀಡೆಯ ಮುಖ್ಯ ಕೇಂದ್ರ ಬೆಂಗಳೂರು. ಅಲ್ಲಿಯ ಪ್ರಕಾಶ್ ನಂಜಪ್ಪ ಅವರು 2013ರಲ್ಲಿ ದಕ್ಷಿಣ ಕೊರಿಯಾದ ಚಾಂಗ್‌ವಾನ್‌ನಲ್ಲಿ ನಡೆದ ವಿಶ್ವಕಪ್‌ನ 10 ಮೀಟರ್ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಕಂಚಿನ ಪದಕ ಗಳಿಸಿದರು. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. ಅವರು ಸರಬ್ಜೋತ್ ಸಿಂಗ್ ಜೊತೆಗೂಡಿ 2023ರ ಬಾಕು ವಿಶ್ವಕಪ್‌ನ ಮಿಶ್ರ ತಂಡ ಸ್ಪರ್ಧೆಯಲ್ಲಿ ಚಿನ್ನವನ್ನೂ, ಅದೇ ವರ್ಷದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿಯನ್ನೂ ಗೆದ್ದರು.

ರಚನೆ ಮತ್ತು ಕಾರ್ಯವಿಧಾನ

ನಳಿಗೆಯ ಕೆಳಗೆ ತಿರುಪಿ ಜೋಡಿಸುವ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 200 ಬಾರ್‌ವರೆಗೆ ಗಾಳಿ ತುಂಬಲಾಗುತ್ತದೆ. ಸಿಲಿಂಡರನ್ನು ಉಕ್ಕು ಅಥವಾ ಅಲ್ಯೂಮಿನಿಯಂನಿಂದ ಮಾಡಿರುತ್ತಾರೆ. ಅದರ ತುದಿಯಲ್ಲಿ ಚಿಕ್ಕ ಒತ್ತಡಮಾಪಕವಿರುತ್ತದೆ. ಸಿಲಿಂಡರಿನಿಂದ ಹೊರಟ ಗಾಳಿ ರೆಗ್ಯುಲೇಟರ್ ಎಂಬ ಭಾಗವನ್ನು ಹಾದು, ಅಲ್ಲಿ ಕಡಿಮೆಯಾದ ಹಾಗೂ ಸ್ಥಿರವಾದ ಒತ್ತಡಕ್ಕೆ ಇಳಿಯುತ್ತದೆ. ಟ್ರಿಗರ್ ಒತ್ತಿದಾಗ ಕವಾಟವು ಕ್ಷಣಮಾತ್ರ ತೆರೆದು, ಅಳತೆಯ ಗಾಳಿ ಗುಂಡಿನ ಹಿಂದೆ ನುಗ್ಗುತ್ತದೆ.

ಸಿಲಿಂಡರಿನ ಒತ್ತಡ 200 ಬಾರ್ ಇದ್ದರೂ 100 ಬಾರ್ ಇದ್ದರೂ ಗುಂಡಿನ ವೇಗ ಒಂದೇ ಆಗಿರುವಂತೆ ನೋಡಿಕೊಳ್ಳುವುದು ರೆಗ್ಯುಲೇಟರಿನ ಕೆಲಸ. ಸುಮಾರು ಅರ್ಧ ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಅದರ ಶಕ್ತಿ 6 ಜೂಲ್‌ನ ಆಸುಪಾಸು. ಸಿಲಿಂಡರಿನ ಒತ್ತಡ ತಯಾರಕರು ಹೇಳಿದ ಕನಿಷ್ಠ ಮಟ್ಟಕ್ಕಿಂತ ಇಳಿದರೆ ರೆಗ್ಯುಲೇಟರ್ ವೇಗವನ್ನು ಕಾಯಲಾರದು, ಗುಂಡುಗಳು ಗುರಿಯಿಂದ ಕೆಳಕ್ಕೆ ಬೀಳತೊಡಗುತ್ತವೆ. ಅರ್ಹತಾ ಸುತ್ತಿನಲ್ಲಿ 60 ಗುಂಡುಗಳನ್ನೂ, ಅದಕ್ಕೆ ಮೊದಲು ಅಭ್ಯಾಸದ ಗುಂಡುಗಳನ್ನೂ ಹಾರಿಸಬೇಕಿರುವುದರಿಂದ ಪ್ರತಿ ಸ್ಪರ್ಧೆಗೂ ಮುನ್ನ ಒತ್ತಡವನ್ನು ನೋಡಿಕೊಳ್ಳುವುದು ವಾಡಿಕೆ.

ಗಾಳಿ ತುಂಬುವಿಕೆ

ಗಾಳಿಯ ಮೂಲಗಳು

ಪಿಸ್ತೂಲಿನ ಸಿಲಿಂಡರಿಗೆ ಮೂರು ಮೂಲಗಳಿಂದ ಗಾಳಿ ತುಂಬಬಹುದು.

ದೊಡ್ಡ ಸಿಲಿಂಡರ್: ನೀರಿನೊಳಗೆ ಮುಳುಗುವ ಸ್ಕೂಬಾ ಈಜುಗಾರರು ಬೆನ್ನಿಗೆ ಕಟ್ಟಿಕೊಳ್ಳುವಂಥ ಸಿಲಿಂಡರ್ ಅತ್ಯಂತ ಅನುಕೂಲದ ಮೂಲ. 10 ಲೀಟರ್ ಗಾತ್ರದ ಇಂಥ ಸಿಲಿಂಡರಿನಿಂದ 0.1 ಲೀಟರ್ ಗಾತ್ರದ ಪಿಸ್ತೂಲು ಸಿಲಿಂಡರನ್ನು 70 ಬಾರ್‌ನಿಂದ 200 ಬಾರ್‌ಗೆ ಏರಿಸಿದರೆ ದೊಡ್ಡದರ ಒತ್ತಡ ಸುಮಾರು 1.3 ಬಾರ್ ಮಾತ್ರ ಇಳಿಯುತ್ತದೆ. ಆದ್ದರಿಂದ ಒಂದು ದೊಡ್ಡ ಸಿಲಿಂಡರ್ ಬಹುಕಾಲ ಬಾಳುತ್ತದೆ.

ಅಧಿಕ ಒತ್ತಡದ ಕಂಪ್ರೆಸರ್: ಉಸಿರಾಟಕ್ಕೆ ತಕ್ಕ ಶುದ್ಧ, ಒಣ ಗಾಳಿಯನ್ನು ಕೊಡುವ, ಸೋಸುವ ವ್ಯವಸ್ಥೆಯುಳ್ಳ ಕಂಪ್ರೆಸರ್ ಮಾತ್ರ ಯೋಗ್ಯ.

ಕೈಪಂಪು: ಸೈಕಲ್ ಪಂಪನ್ನು ಹೋಲುವ, ಹಲವು ಹಂತಗಳಲ್ಲಿ ಗಾಳಿಯನ್ನು ಒತ್ತುವ ವಿಶೇಷ ಪಂಪು. ಕಂಪ್ರೆಸರ್ ಇಲ್ಲದ ಊರುಗಳಲ್ಲಿ ಇದೇ ಆಧಾರ. ಪಂಪು ಬೇಗ ಬಿಸಿಯಾಗುವುದರಿಂದ ನಡುನಡುವೆ ಬಿಡುವು ಕೊಡಲಾಗುತ್ತದೆ.

ಪಂಕ್ಚರ್ ಅಂಗಡಿಗಳ ಕಂಪ್ರೆಸರ್ ಸಾಮಾನ್ಯವಾಗಿ 10 ಬಾರ್‌ನ ಆಸುಪಾಸಿನಲ್ಲೇ ನಿಲ್ಲುವುದರಿಂದ ಈ ಕೆಲಸಕ್ಕೆ ಬಾರದು. ವೆಲ್ಡಿಂಗ್ ಅಂಗಡಿ ಅಥವಾ ಆಸ್ಪತ್ರೆಯ ಆಮ್ಲಜನಕದ ಸಿಲಿಂಡರಿನಿಂದ ತುಂಬುವುದು ಪ್ರಾಣಾಪಾಯಕಾರಿ. ಅಧಿಕ ಒತ್ತಡದ ಆಮ್ಲಜನಕವು ಎಣ್ಣೆ ಅಥವಾ ಗ್ರೀಸ್‌ನ ಲೇಪಕ್ಕೆ ತಾಗಿದರೆ ಕಿಡಿಯಿಲ್ಲದೆಯೂ ಹೊತ್ತಿಕೊಂಡು ಸ್ಫೋಟವಾಗಬಹುದು.

ತುಂಬುವ ಕ್ರಮ

ಮೊದಲು ಸಿಲಿಂಡರಿನ ಮೇಲೆ ಅಚ್ಚೊತ್ತಿದ ಗರಿಷ್ಠ ಒತ್ತಡ ಮತ್ತು ದಿನಾಂಕವನ್ನು ಓದಲಾಗುತ್ತದೆ. ತಿರುಪಿನ ಭಾಗದಲ್ಲಿ ಧೂಳು, ಮರಳಿನ ಕಣಗಳಿದ್ದರೆ ಒರೆಸಿ ತೆಗೆಯಬೇಕು. ಒಂದು ಕಣ ಒಳಸೇರಿದರೂ ಕವಾಟದ ಮುಚ್ಚಳ ಸರಿಯಾಗಿ ಕೂರದೆ ಗಾಳಿ ಸೋರುತ್ತದೆ. ಅನಂತರ ಸಿಲಿಂಡರನ್ನು ಅಡಾಪ್ಟರಿಗೆ ಕೈಯಿಂದಲೇ ತಿರುಪಿ, ದೊಡ್ಡ ಸಿಲಿಂಡರಿನ ಕವಾಟವನ್ನು ನಿಧಾನವಾಗಿ ತೆರೆಯಲಾಗುತ್ತದೆ.

ನಿಧಾನಕ್ಕೆ ಕಾರಣವಿದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಅವಸರದಲ್ಲಿ ತುಂಬಿದ ಸಿಲಿಂಡರ್ ಕೈಗೆ ಬೆಚ್ಚಗೆ ತಾಗುತ್ತದೆ, ಮಾಪಕ 200 ಬಾರ್ ತೋರಿಸುತ್ತದೆ. ತಣಿದ ಮೇಲೆ ಒತ್ತಡ ಇಳಿದಿರುತ್ತದೆ. ಇದನ್ನು ಸೋರಿಕೆ ಎಂದು ತಪ್ಪಾಗಿ ಭಾವಿಸುವುದುಂಟು. ತುಂಬಿದ ಬಳಿಕ ಕವಾಟವನ್ನು ಮುಚ್ಚಿ, ಅಡಾಪ್ಟರಿನಲ್ಲಿ ಉಳಿದ ಗಾಳಿಯನ್ನು ಹೊರಬಿಟ್ಟ ನಂತರವೇ ಸಿಲಿಂಡರನ್ನು ಬಿಚ್ಚಬೇಕು. ದೊಡ್ಡ ಸಿಲಿಂಡರ್ 300 ಬಾರ್‌ನದ್ದಾಗಿದ್ದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಕವಾಟವನ್ನು ತೆರೆದಿಟ್ಟು ಕಣ್ಣು ತಪ್ಪಿಸಿದರೆ 200 ಬಾರ್‌ನ ಚಿಕ್ಕ ಸಿಲಿಂಡರ್ ತನ್ನ ಮಿತಿಯನ್ನು ಮೀರುತ್ತದೆ.

ತೇವಾಂಶ

ಗಾಳಿಯ ಜೊತೆ ನೀರಾವಿಯೂ ಸಿಲಿಂಡರನ್ನು ಸೇರುತ್ತದೆ. ಮಳೆಗಾಲದಲ್ಲಿ 30 ಡಿಗ್ರಿ ಉಷ್ಣಾಂಶದ, ತೇವದಿಂದ ಪೂರ್ಣ ತುಂಬಿದ ಗಾಳಿಯ ಪ್ರತಿ ಲೀಟರಿನಲ್ಲಿ ಸುಮಾರು 30 ಮಿಲಿಗ್ರಾಂ ನೀರಾವಿ ಇರುತ್ತದೆ. 0.1 ಲೀಟರಿನ ಸಿಲಿಂಡರನ್ನು 200 ಬಾರ್‌ಗೆ ತುಂಬಲು ಹೊರಗಿನ 20 ಲೀಟರ್ ಗಾಳಿ ಬೇಕು. ಅದರಲ್ಲಿರುವ ನೀರು ಸುಮಾರು 600 ಮಿಲಿಗ್ರಾಂ. ಸಿಲಿಂಡರಿನೊಳಗೆ ಆವಿಯಾಗಿ ಉಳಿಯಬಲ್ಲದ್ದು ಅದರ ಅತ್ಯಲ್ಪ ಭಾಗ. ಮಿಕ್ಕಿದ್ದು ಪಂಪಿನಲ್ಲೋ ಸಿಲಿಂಡರಿನಲ್ಲೋ ಹನಿಯಾಗುತ್ತದೆ. ಈ ನೀರು ಉಕ್ಕನ್ನು ತುಕ್ಕು ಹಿಡಿಸುತ್ತದೆ, ಅಲ್ಯೂಮಿನಿಯಂ ಅನ್ನು ಸವೆಸುತ್ತದೆ, ರೆಗ್ಯುಲೇಟರನ್ನು ಕೆಡಿಸುತ್ತದೆ. ಸವೆತವೆಲ್ಲ ಒಳಗೇ ನಡೆಯುವುದರಿಂದ ಹೊರಗಿನಿಂದ ಕಾಣದು. ಇದಕ್ಕಾಗಿ ಕೈಪಂಪಿಗೆ ತೇವ ಹೀರುವ ಫಿಲ್ಟರ್ ಜೋಡಿಸುತ್ತಾರೆ ಮತ್ತು ಆಗಾಗ ಪಂಪಿನ ನೀರನ್ನು ಹೊರಬಿಡುತ್ತಾರೆ.

ಸಂಗ್ರಹಣೆ

ಬಳಕೆ ಮುಗಿದ ಮೇಲೆ ನಳಿಗೆಯಲ್ಲಿ ಗುಂಡಿಲ್ಲವೆಂದು ಖಚಿತಪಡಿಸಿಕೊಂಡು, ಸುರಕ್ಷತಾ ಪಟ್ಟಿಯನ್ನು ಅದರೊಳಗೆ ತೂರಿಸಿ, ಪಿಸ್ತೂಲನ್ನು ಪೆಟ್ಟಿಗೆಯಲ್ಲಿ ಇರಿಸಲಾಗುತ್ತದೆ. ಹೆಚ್ಚು ದಿನ ಬಳಸದಿದ್ದಾಗ ಸಿಲಿಂಡರನ್ನು ಬಿಚ್ಚಿ ಬೇರೆಯಾಗಿ ಇಡುವುದು ರೂಢಿ. ಸಿಲಿಂಡರನ್ನು ಪೂರ್ಣ ಬರಿದು ಮಾಡದೆ ಸ್ವಲ್ಪ ಒತ್ತಡ ಉಳಿಸಿಕೊಂಡರೆ ಹೊರಗಿನ ತೇವ ಮತ್ತು ಧೂಳು ಒಳಸೇರುವುದಿಲ್ಲ. ಪಿಸ್ತೂಲು, ಗುಂಡು ಮತ್ತು ಸಿಲಿಂಡರ್ ಮೂರೂ ಮಕ್ಕಳ ಕೈಗೆಟುಕದಂತೆ ಬೀಗದೊಳಗೆ ಇರಬೇಕು. ಆಟಿಕೆಯಂತೆ ಕಂಡರೂ ಇದರ ಗುಂಡು ಕಣ್ಣನ್ನು ಶಾಶ್ವತವಾಗಿ ಕಳೆಯಬಲ್ಲದು.

ವಿಮಾನ ಪ್ರಯಾಣದಲ್ಲಿ ಒತ್ತಡ ತುಂಬಿದ ಸಿಲಿಂಡರನ್ನು ಒಯ್ಯುವಂತಿಲ್ಲ. ಅದನ್ನು ಮೊದಲೇ ನಿಧಾನವಾಗಿ ಬರಿದು ಮಾಡಿ, ಪಿಸ್ತೂಲಿನಿಂದ ಬಿಚ್ಚಿ, ವಿಮಾನಸಂಸ್ಥೆಯ ಅನುಮತಿ ಪಡೆದು ಒಯ್ಯಬೇಕಾಗುತ್ತದೆ.

ಬಿಸಿಲುನಾಡಿನಲ್ಲಿ ನಿರ್ವಹಣೆ

ತಯಾರಕರ ಕೈಪಿಡಿಗಳು ಬಹುಪಾಲು ಯುರೋಪಿನ ತಂಪು ಹವೆಯಲ್ಲಿ ಸಿದ್ಧವಾದವು. ಕಲ್ಯಾಣ ಕರ್ನಾಟಕದ ಬೇಸಿಗೆಗೆ ಅವನ್ನು ಅನ್ವಯಿಸುವಾಗ ಉಷ್ಣಾಂಶದ ಲೆಕ್ಕ ಹಾಕಬೇಕಾಗುತ್ತದೆ. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಸೀಮೆಯಲ್ಲಿ, ಕೃಷ್ಣಾ ನದಿಯ ದಂಡೆಯ ತಿಂಥಣಿಯಂಥ ಊರುಗಳಲ್ಲೂ, ಏಪ್ರಿಲ್–ಮೇ ತಿಂಗಳ ಹಗಲಿನ ಉಷ್ಣಾಂಶ 40 ಡಿಗ್ರಿ ಮೀರುವುದು ಸಾಮಾನ್ಯ.

ಮುಚ್ಚಿದ ಪಾತ್ರೆಯಲ್ಲಿ ಅನಿಲದ ಒತ್ತಡವು ಅದರ ನಿರಪೇಕ್ಷ ಉಷ್ಣಾಂಶಕ್ಕೆ ಅನುಗುಣವಾಗಿ ಏರುತ್ತದೆ. 15 ಡಿಗ್ರಿಯಲ್ಲಿ 200 ಬಾರ್ ಇದ್ದ ಸಿಲಿಂಡರ್ 45 ಡಿಗ್ರಿಯಲ್ಲಿ ಸುಮಾರು 221 ಬಾರ್ ತಲುಪುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಉಷ್ಣಾಂಶ 65 ಡಿಗ್ರಿ ಮುಟ್ಟಿದರೆ ಅದೇ ಸಿಲಿಂಡರಿನ ಒತ್ತಡ ಸುಮಾರು 235 ಬಾರ್ ಆಗುತ್ತದೆ. ಹೊಸ ಸಿಲಿಂಡರುಗಳನ್ನು ಬಳಕೆಯ ಮಿತಿಗಿಂತ ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸಿರುವುದರಿಂದ ಇಷ್ಟಕ್ಕೇ ಅವು ಸಿಡಿಯುವುದಿಲ್ಲ. ಆದರೆ ಒಳಗೆ ತುಕ್ಕು ಹಿಡಿದ, ಅವಧಿ ಮುಗಿದ ಅಥವಾ ಬಿದ್ದು ಪೆಟ್ಟಾದ ಸಿಲಿಂಡರಿಗೆ ಆ ಭರವಸೆ ಅನ್ವಯಿಸದು. ಹೀಗಾಗಿ ಬೇಸಿಗೆಯಲ್ಲಿ ಮಿತಿಗಿಂತ ಸ್ವಲ್ಪ ಕಡಿಮೆ ತುಂಬುವುದು, ಸಿಲಿಂಡರನ್ನು ಕಾರಿನಲ್ಲಿ ಅಥವಾ ತಗಡಿನ ಮಾಡಿನ ಕೆಳಗೆ ಬಿಡದಿರುವುದು, ಬೆಳಗಿನ ತಂಪಿನಲ್ಲಿ ತುಂಬಿದ್ದರೆ ಮಧ್ಯಾಹ್ನ ಮಾಪಕವನ್ನು ಮತ್ತೆ ನೋಡುವುದು ಸುರಕ್ಷಿತ.

ಗಾಳಿಯ ಮೂಲವೂ ಇಲ್ಲಿ ದೂರ. ಕರ್ನಾಟಕದಲ್ಲಿ ಸ್ಕೂಬಾ ಮುಳುಗಾಟ ನಡೆಯುವುದು ಪಶ್ಚಿಮದ ಅಂಚಿನಲ್ಲಿ, ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ. ಪೂರ್ವದ ಒಣ ಜಿಲ್ಲೆಗಳಲ್ಲಿ ಅಭ್ಯಾಸ ಮಾಡುವವರಿಗೆ ಕೈಪಂಪು ಅಥವಾ ಪ್ರತಿ ಗುಂಡಿಗೂ ಸನ್ನೆ ಎಳೆಯುವ ಹಳೆಯ ಮಾದರಿಯ ಪಿಸ್ತೂಲು ಹೆಚ್ಚು ಅನುಕೂಲ.

ನಿಯಮಿತ ಆರೈಕೆ

ನಳಿಗೆ: ಸೀಸದ ಪುಡಿಯನ್ನು ತೆಗೆಯಲು ಉಣ್ಣೆಯ ಚಿಕ್ಕ ಬಿರಡೆಗಳನ್ನು ಬಳಸುತ್ತಾರೆ. ಉಕ್ಕಿನ ಸಲಾಕೆ ಅಥವಾ ಗಡಸು ಬ್ರಷ್ ನಳಿಗೆಯ ಒಳಗೆರೆಗಳನ್ನು ಗೀರುವುದರಿಂದ ಅವು ವರ್ಜ್ಯ.

ಓ-ರಿಂಗ್: ಸಿಲಿಂಡರ್ ಮತ್ತು ಪಿಸ್ತೂಲು ಕೂಡುವಲ್ಲಿರುವ ರಬ್ಬರಿನ ಬಳೆ. ಬಿರುಕು ಕಂಡರೆ ಬದಲಿಸಬೇಕು. ತಯಾರಕರು ಸೂಚಿಸಿದ ಗ್ರೀಸ್ ಅನ್ನು ಮಾತ್ರ ತೆಳುವಾಗಿ ಸವರಲಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯಂಥ ಸಾಮಾನ್ಯ ಎಣ್ಣೆಗಳು ಒತ್ತಡದ ಗಾಳಿಯಲ್ಲಿ ಹೊತ್ತಿಕೊಳ್ಳುವ ಅಪಾಯವಿದೆ.

ಸೋರಿಕೆ: ರಾತ್ರಿ ಮಾಪಕದ ಅಂಕಿಯನ್ನು ಬರೆದಿಟ್ಟು, ಮರುದಿನ ಅದೇ ಉಷ್ಣಾಂಶದಲ್ಲಿ ಹೋಲಿಸಿದರೆ ಸೋರಿಕೆ ತಿಳಿಯುತ್ತದೆ.

ಟ್ರಿಗರ್: 500 ಗ್ರಾಂ ತೂಕದ ಬಟ್ಟನ್ನು ಟ್ರಿಗರಿಗೆ ತೂಗುಹಾಕಿ ಎತ್ತಿದಾಗ ಅದು ಬಿಡುಗಡೆಯಾಗಬಾರದು. ಸ್ಪರ್ಧೆಗಳಲ್ಲೂ ಹೀಗೆಯೇ ಪರೀಕ್ಷಿಸುತ್ತಾರೆ.

ರೆಗ್ಯುಲೇಟರ್: ಗುಂಡುಗಳು ಒಮ್ಮೆ ಮೇಲೆ ಒಮ್ಮೆ ಕೆಳಗೆ ಬೀಳುತ್ತಿದ್ದು, ವೇಗಮಾಪಕದಲ್ಲಿ ವೇಗ ಏರಿಳಿಯುತ್ತಿದ್ದರೆ ರೆಗ್ಯುಲೇಟರ್ ಕೆಟ್ಟಿರುವ ಸಂಭವವಿದೆ. ಇದನ್ನು ಬಿಚ್ಚುವುದು ತರಬೇತಾದ ತಂತ್ರಜ್ಞರ ಕೆಲಸ.

ಸೀಸ ವಿಷಕಾರಿಯಾದ್ದರಿಂದ ಗುಂಡು ಮುಟ್ಟಿದ ಅಥವಾ ನಳಿಗೆ ಒರೆಸಿದ ಕೈಯನ್ನು ಊಟಕ್ಕೆ ಮೊದಲು ಸೋಪು ಹಚ್ಚಿ ತೊಳೆಯಬೇಕು.

ಉಪಕರಣದ ವೈಫಲ್ಯ ಎಷ್ಟು ದುಬಾರಿಯಾಗಬಹುದೆಂಬುದಕ್ಕೆ 2021ರ ಜುಲೈ 25ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಡೆದ ಘಟನೆ ಪ್ರಸಿದ್ಧ ನಿದರ್ಶನ. ಮಹಿಳೆಯರ 10 ಮೀಟರ್ ಏರ್ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಭಾರತದ ಮನು ಭಾಕರ್ ಅವರ ಪಿಸ್ತೂಲು ಕೆಟ್ಟು, ದುರಸ್ತಿಗೆ ಅಮೂಲ್ಯ ಸಮಯ ವ್ಯಯವಾಯಿತು. 575 ಅಂಕ ಗಳಿಸಿದ ಅವರು 12ನೇ ಸ್ಥಾನ ಪಡೆದು, ಎಂಟು ಮಂದಿಯ ಅಂತಿಮ ಸುತ್ತಿನಿಂದ ಹೊರಗುಳಿದರು. ಅದೇ ಸ್ಪರ್ಧೆಯಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರು ಕಂಚು ಗೆದ್ದರು.

ಸಿಲಿಂಡರಿನ ಅವಧಿ ಮತ್ತು ಕಾನೂನು

ಐಎಸ್‌ಎಸ್‌ಎಫ್ ನಿಯಮದಂತೆ ಗಾಳಿಯ ಸಿಲಿಂಡರ್ ಅವಧಿಯೊಳಗೆ ಇರುವಂತೆ ನೋಡಿಕೊಳ್ಳುವುದು ಸ್ಪರ್ಧಿಯ ಹೊಣೆ. ಆ ಅವಧಿ ಗರಿಷ್ಠ 10 ವರ್ಷ. ಹೊರಗೆ ಹೊಳಪು ಮಾಸದಿದ್ದರೂ ಒಳಗಿನ ಲೋಹ ಪ್ರತಿ ತುಂಬುವಿಕೆಯಲ್ಲೂ ಹಿಗ್ಗಿ ಕುಗ್ಗಿ ದಣಿದಿರುತ್ತದೆ. ಹಳೆಯ ಪಿಸ್ತೂಲನ್ನು ಕೊಳ್ಳುವಾಗ ಮೊದಲು ನೋಡಬೇಕಾದದ್ದು ಸಿಲಿಂಡರಿನ ಮೇಲಿನ ದಿನಾಂಕವನ್ನು.

ಭಾರತದಲ್ಲಿ ಗಾಳಿ ಆಯುಧಗಳು 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳಿಗೆ ಒಳಪಡುತ್ತವೆ. ಗುಂಡಿನ ಶಕ್ತಿ 20 ಜೂಲ್ ಅಥವಾ ನಳಿಗೆಯ ವ್ಯಾಸ 4.5 ಮಿ.ಮೀ. ಮೀರಿದರೆ ಪರವಾನಗಿ ಬೇಕು. ಸ್ಪರ್ಧಾ ಪಿಸ್ತೂಲುಗಳು ಈ ಮಿತಿಯೊಳಗೇ ಇರುತ್ತವೆ. 2016ರ ಅನಿಲ ಸಿಲಿಂಡರ್ ನಿಯಮಗಳು 500 ಮಿ.ಲೀ.ಗಿಂತ ದೊಡ್ಡ ಸಿಲಿಂಡರುಗಳಿಗೆ ಅನ್ವಯಿಸುತ್ತವೆ. ಹಾಗಾಗಿ ಗಾಳಿ ತುಂಬಲು ಇಟ್ಟುಕೊಳ್ಳುವ ದೊಡ್ಡ ಸಿಲಿಂಡರ್ ನಿಗದಿತ ಕಾಲಕ್ಕೆ ಮಾನ್ಯತೆ ಪಡೆದ ಕೇಂದ್ರದಲ್ಲಿ ಪರೀಕ್ಷೆಗೆ ಒಳಗಾಗಬೇಕು. ಪಿಸ್ತೂಲಿನ ಚಿಕ್ಕ ಸಿಲಿಂಡರ್ ಆ ಗಾತ್ರಕ್ಕಿಂತ ಕಿರಿದಾದ್ದರಿಂದ ಅದರ ದಿನಾಂಕವನ್ನು ಗಮನಿಸಿ, ಅವಧಿ ಮುಗಿದೊಡನೆ ಬದಲಿಸುವ ಹೊಣೆ ಬಹುಮಟ್ಟಿಗೆ ಬಳಕೆದಾರರ ಮೇಲೆಯೇ ಬೀಳುತ್ತದೆ.